ಅಣ್ಣನ ಬೋಟ್ ಸಾಲದ ನಿಜ ಬಡ್ಡಿ ಎಷ್ಟು? ಆರ್‌ನಲ್ಲಿ ಯೂನಿರೂಟ್ ಹಾಕಿದ್ರೆ ಒಮ್ಮೆ ಸೊನ್ನೆ, ಒಮ್ಮೆ ಎರರ್

ಮಲ್ಪೆ_ತೆರೆ | ಉಡುಪಿ

ನಮಸ್ಕಾರ ಎಲ್ಲರಿಗೂ. ನಾನು ಎಂ.ಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಮೊದಲ ವರ್ಷ, ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲೀಲಿಕ್ಕೆ ಶುರು ಮಾಡಿ ಮೂರು ತಿಂಗಳು ಆಯ್ತಷ್ಟೆ. ಪ್ರಶ್ನೆ ಕಾಲೇಜಿದ್ದಲ್ಲ, ಮನೆದು. ನನ್ನ ಅಣ್ಣನದ್ದು ಮಲ್ಪೆ ಬಂದರಲ್ಲಿ ಬೋಟ್ ಉಂಟು, ಇಂಜಿನ್ ಕೈಕೊಟ್ಟಿದೆ, ಹೊಸ ಇಂಜಿನಿಗೆ 5 ಲಕ್ಷ ಸಾಲ ಬೇಕು. ಒಂದು ಫೈನಾನ್ಸಿನವರು ಫ್ಲಾಟ್ 9 ಪರ್ಸೆಂಟಿಗೆ 3 ವರ್ಷಕ್ಕೆ ಕೊಡ್ತೇವೆ ಅಂದಿದ್ದಾರೆ. ಅಂದ್ರೆ ವರ್ಷಕ್ಕೆ 45,000ದ ಹಾಗೆ ಮೂರು ವರ್ಷಕ್ಕೆ 1,35,000 ಬಡ್ಡಿ, ಅಸಲು ಸೇರಿ 6,35,000, ಅದನ್ನು 36 ಕಂತಿಗೆ ಹಂಚಿದ್ರೆ ತಿಂಗಳಿಗೆ 17,638.89. ಬ್ಯಾಂಕಲ್ಲಿ ಕೇಳಿದಾಗ 11 ಪರ್ಸೆಂಟ್ ಹೇಳಿದ್ದಾರೆ, ಅದು ರೆಡ್ಯೂಸಿಂಗ್, ಅಂದ್ರೆ ಬಾಕಿ ಇರುವ ಅಸಲಿನ ಮೇಲೆ ಮಾತ್ರ ಬಡ್ಡಿ. ಅಣ್ಣ "11ಕ್ಕಿಂತ 9 ಕಡಿಮೆ ಅಲ್ವಾ, ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು" ಅಂತಾನೆ. ನಂಗೆ ಸಮಾಧಾನ ಇಲ್ಲ, ಯಾಕಂದ್ರೆ ಅಸಲು ತಿಂಗಳು ತಿಂಗಳು ಕಟ್ತಾ ಕಡಿಮೆ ಆಗ್ತಾ ಹೋಗ್ತದೆ, ಬಡ್ಡಿ ಮಾತ್ರ ಕೊನೇ ತಿಂಗಳ ತನಕ ಪೂರಾ 5 ಲಕ್ಷದ ಮೇಲೆಯೇ ಲೆಕ್ಕ.

ಹಾಗಾಗಿ ನಿಜವಾದ ಬಡ್ಡಿ ಕಂಡುಹಿಡಿಲಿಕ್ಕೆ ಕೂತೆ. ತಿಂಗಳ ಬಡ್ಡಿಗೆ ಬ ಅಂತ ಹೆಸರಿಟ್ರೆ

500000 − 17638.89 × (1 − (1+ಬ)^−36) ÷ ಬ = 0

ಇದರಲ್ಲಿ ಬ ಒಂದನ್ನೇ ಒಂದು ಬದಿಗೆ ತರ್ಲಿಕ್ಕೆ ಎರಡು ಪುಟ ಗೀಚಿದೆ, ಆಗ್ಲಿಲ್ಲ. ಮತ್ತೆ ಕ್ಲಾಸಲ್ಲಿ ಹೇಳಿಕೊಟ್ಟ ಯೂನಿರೂಟ್ ಹಾಕಿದೆ, ಕೊಟ್ಟ ರೇಂಜಲ್ಲಿ ಫಂಕ್ಷನ್ ಎಲ್ಲಿ ಸೊನ್ನೆ ಆಗ್ತದೆ ಅಂತ ಹುಡುಕುವ ಆರ್ ಕಮಾಂಡ್ ಅದು. ಈಗ ಆದದ್ದು ಹೀಗೆ. 0ಯಿಂದ 1ರ ತನಕ ಹುಡುಕು ಅಂತ ಕೊಟ್ರೆ ಕೆಳಗಿನ ತುದಿಯಲ್ಲಿ ವ್ಯಾಲ್ಯೂ ಎನ್‌ಎ ಅಂತ ಎರರ್. ಓ ಸೊನ್ನೆಯಿಂದ ಭಾಗ ಆಗ್ತಾ ಉಂಟು ಅಂತ ಗೊತ್ತಾಗಿ ಇಡೀ ಸಮೀಕರಣವನ್ನು ಬ ಇಂದ ಗುಣಿಸಿ ಭಾಗಾಕಾರ ತೆಗೆದುಬಿಟ್ಟೆ, ಆಗ ಎರರ್ ಹೋಯ್ತು, ಉತ್ತರ ಬಂತು, ಆದ್ರೆ ಉತ್ತರ ಸೊನ್ನೆ! ಬಡ್ಡಿಯೇ ಇಲ್ಲದ ಸಾಲ ಯಾರು ಕೊಡ್ತಾರೆ. ಸೊನ್ನೆಯಿಂದ ದೂರ ಇರ್ಲಿ ಅಂತ 0.02ರಿಂದ 1 ಕೊಟ್ಟೆ, ಈಗ ಎರಡು ತುದಿಯಲ್ಲಿ ವಿರುದ್ಧ ಚಿಹ್ನೆ ಇಲ್ಲ ಅಂತ ಬೇರೆ ಎರರ್. ಕೊನೆಗೆ 0.001ರಿಂದ 0.1 ಕೊಟ್ಟಾಗ 0.0135ರ ಹತ್ತಿರ ಬಂತು, 12ರಿಂದ ಗುಣಿಸಿದ್ರೆ ವರ್ಷಕ್ಕೆ 16 ಚಿಲ್ಲರೆ. ಆದ್ರೆ ರೇಂಜ್ ಸ್ವಲ್ಪ ಬದಲಾಯಿಸಿ 0.005ರಿಂದ 0.5 ಕೊಟ್ರೆ ಕೊನೆಯ ಅಂಕಿಗಳು ಬೇರೆ. ಒಂದೇ ಸಾಲಕ್ಕೆ ಎರಡು ಉತ್ತರ ಹೇಗೆ? 9 ಹೋಗಿ 16 ಆಯ್ತು ಅಂತ ಅಣ್ಣನಿಗೆ ಹೇಳ್ಬೇಕಾದ್ರೆ ನಂಗೆ ಲೆಕ್ಕದ ಮೇಲೆ ಪೂರಾ ಧೈರ್ಯ ಬೇಕು. ದಯವಿಟ್ಟು ಯಾರಾದ್ರೂ ಬಿಡಿಸಿ ಹೇಳಿ.

ಕದ್ರಿ_ಮೇಷ್ಟ್ರು | ಮಂಗಳೂರು

ನಿಮ್ಮ 16 ಚಿಲ್ಲರೆ ಸರಿಯೇ ಉಂಟು, ಹೆದರ್ಬೇಡಿ. ಸರಿಯಾದ ಉತ್ತರ ತಿಂಗಳಿಗೆ 0.013537, ವರ್ಷಕ್ಕೆ 16.24 ಪರ್ಸೆಂಟ್. ಚಕ್ರಬಡ್ಡಿ ಹಿಡಿದು ವರ್ಷದ ಲೆಕ್ಕ ಹಾಕಿದ್ರೆ 17.5. ಆದ್ರೆ ನಿಮಗೆ ಬಂದ ನಾಲ್ಕೂ ತೊಂದ್ರೆಗೆ ನಾಲ್ಕು ಬೇರೆ ಬೇರೆ ಕಾರಣ ಉಂಟು. ನಾನು ಇಪ್ಪತ್ತು ವರ್ಷದಿಂದ ಇದನ್ನೇ ಪಾಠ ಮಾಡ್ತಾ ಇದ್ದೇನೆ, ಪ್ರತಿ ವರ್ಷ ಮಕ್ಕಳು ಇದೇ ನಾಲ್ಕು ಕಡೆ ಸಿಕ್ಕಿಹಾಕಿಕೊಳ್ತಾರೆ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ಮೊದಲು ಚಿಹ್ನೆಯ ವಿಷಯ. ನೀವು ಮಲ್ಪೆಯವರಲ್ವಾ, ಬೀಚಲ್ಲಿ ನಿಂತ ಹಾಗೆ ಯೋಚನೆ ಮಾಡಿ. ಒಂದು ಕಾಲು ಒಣ ಮರಳಲ್ಲಿ, ಇನ್ನೊಂದು ಕಾಲು ನೀರಲ್ಲಿ ಇದ್ರೆ ನೀರಿನ ಗೆರೆ ಎರಡು ಕಾಲಿನ ನಡುವೆ ಎಲ್ಲೋ ಉಂಟು ಅಂತ ಗ್ಯಾರಂಟಿ ಹೇಳ್ಬಹುದು. ಎರಡು ಕಾಲೂ ಒಣ ಮರಳಲ್ಲಿದ್ರೆ ಏನೂ ಹೇಳ್ಲಿಕ್ಕೆ ಆಗುದಿಲ್ಲ, ನಡುವೆ ನೀರೇ ಇಲ್ಲದೆ ಇರ್ಬಹುದು, ಅಥವಾ ಒಂದು ಹೊಂಡ ಇರ್ಲೂಬಹುದು. ಯೂನಿರೂಟ್ ಕೆಲಸ ಮಾಡುದೇ ಮೊದಲನೇ ಗ್ಯಾರಂಟಿಯ ಮೇಲೆ, ಒಂದು ತುದಿ ಪ್ಲಸ್ ಒಂದು ತುದಿ ಮೈನಸ್. 0.02ರಲ್ಲಿ ನಿಮ್ಮ ಫಂಕ್ಷನ್ ಆಗಲೇ ಪ್ಲಸ್‌ಗೆ ಹೋಗಿ ಆಗಿದೆ, 1ರಲ್ಲಿಯೂ ಪ್ಲಸ್, ಹಾಗಾಗಿ ಅದು ಹುಡುಕ್ಲಿಕ್ಕೇ ಹೋಗ್ಲಿಲ್ಲ. ಉತ್ತರ ನಿಮ್ಮ ಬೆನ್ನ ಹಿಂದೆ ಉಳಿದುಹೋಯ್ತು.

ಇನ್ನು ಸೊನ್ನೆ ಉತ್ತರ. ಇದು ನಿಜವಾಗಿ ಮುಖ್ಯ. ನೀವು ಬ ಇಂದ ಗುಣಿಸಿದ್ರಲ್ವಾ, ಆಗ ಸಮೀಕರಣಕ್ಕೆ ಇಲ್ಲದ ಒಂದು ಹೊಸ ಮೂಲವನ್ನು, ಅಂದ್ರೆ ಫಂಕ್ಷನ್ ಸೊನ್ನೆ ಆಗುವ ಇನ್ನೊಂದು ಜಾಗವನ್ನು, ನೀವೇ ಸೇರಿಸಿದ್ರಿ. ಬ ಸೊನ್ನೆ ಆದ್ರೆ ಎರಡು ಪದವೂ ಸೊನ್ನೆ. ಯೂನಿರೂಟ್ ಮೊದಲು ತುದಿಗಳನ್ನು ನೋಡ್ತದೆ, ತುದಿಯಲ್ಲೇ ಸೊನ್ನೆ ಸಿಕ್ಕಿದ್ರೆ ಅದನ್ನೇ ಉತ್ತರ ಅಂತ ಕೈಗೆ ಕೊಡ್ತದೆ. ಒಮ್ಮೆ ಕರ್ವ್ ಕಮಾಂಡ್ ಹಾಕಿ 0ಯಿಂದ 0.03ರ ತನಕ ಗ್ರಾಫ್ ಎಳೆದು ನೋಡಿ. ಗುಣಿಸಿದ ಫಂಕ್ಷನ್ ಸೊನ್ನೆಯಲ್ಲಿ ಶುರುವಾಗಿ ಕೆಳಗೆ ಇಳೀತದೆ, 0.0065ರ ಹತ್ತಿರ ಮೈನಸ್ 420ರ ಆಸುಪಾಸು ತಳ ಮುಟ್ಟಿ, ಮತ್ತೆ ಮೇಲೆ ಬಂದು 0.0135 ದಾಟಿದ ಮೇಲೆ ಗೆರೆ ಕತ್ತರಿಸ್ತದೆ. ಭಾಗಾಕಾರ ಇದ್ದ ಮೊದಲಿನ ಫಂಕ್ಷನ್ ಹಾಗಲ್ಲ. ಅದು ಬ ಸೊನ್ನೆಗೆ ಹತ್ತಿರ ಹೋದ ಹಾಗೆ ಮೈನಸ್ 1,35,000ಕ್ಕೆ ಹೋಗ್ತದೆ. ಅದು ಎಂತ ಅಂತ ನೋಡಿ, ನೀವು ಕಟ್ಟುವ ಒಟ್ಟು ಬಡ್ಡಿಯೇ! ಅಲ್ಲಿಂದ ಒಂದೇ ಸಮನೆ ಏರ್ತಾ ಹೋಗಿ ಒಂದೇ ಕಡೆ ಸೊನ್ನೆ ದಾಟ್ತದೆ. ಅದೇ ಒಳ್ಳೆ ರೂಪ, ಅದನ್ನೇ ಇಟ್ಕೊಳ್ಳಿ, ಕೆಳಗಿನ ತುದಿ ಮಾತ್ರ 0 ಬದಲಿಗೆ 0.0001 ಕೊಡಿ. ನಂಗೆ ಯಾರಾದ್ರೂ ಮೂಲ ಸಿಗ್ಲಿಲ್ಲ ಅಂತ ಬಂದ್ರೆ ನಾನು ಮೊದಲು ಕೇಳುದೇ ಗ್ರಾಫ್ ಎಲ್ಲಿ ಅಂತ.

ಎರಡು ಉತ್ತರ ಬಂದದ್ದು ಟಾಲ್ ಅನ್ನುವ ಆರ್ಗ್ಯುಮೆಂಟಿಂದ. ಟಾಲರೆನ್ಸ್. ಇದನ್ನು ನೀವು ಕೊಡದೆ ಬಿಟ್ರೆ ಆರ್ ತಾನೇ 0.000122 ಅಂತ ಇಟ್ಕೊಳ್ತದೆ. ಕಂಪ್ಯೂಟರ್ ದಶಾಂಶ ಸಂಖ್ಯೆ ಇಡುವ ಸೂಕ್ಷ್ಮತೆ 2ರ ಘಾತ ಮೈನಸ್ 52, ಅದರ ನಾಲ್ಕನೇ ಮೂಲ 2ರ ಘಾತ ಮೈನಸ್ 13, ಅಂದ್ರೆ 8192ರಲ್ಲಿ ಒಂದು ಪಾಲು, ಅದೇ ಈ ಸಂಖ್ಯೆ. ಉತ್ತರ 50, 100 ಆಗುವ ಲೆಕ್ಕಕ್ಕೆ ಇಷ್ಟು ಧಾರಾಳ ಸಾಕು. ನಿಮ್ಮ ಉತ್ತರವೇ 0.0135, ಅದರ ಮುಂದೆ 0.000122 ಅಂದ್ರೆ ನೂರರಲ್ಲಿ ಒಂದು ಪಾಲು ಆಗಿಹೋಯ್ತು. 12ರಿಂದ ಗುಣಿಸಿ ವರ್ಷಕ್ಕೆ ತಂದ್ರೆ 0.15 ಪರ್ಸೆಂಟ್ ಆಚೀಚೆ ಆಗ್ಲಿಕ್ಕೆ ಅದು ಅವಕಾಶ ಕೊಟ್ಟ ಹಾಗೆ. ಬೇರೆ ತುದಿಯಿಂದ ಹೊರಟ್ರೆ ಬೇರೆ ಹೆಜ್ಜೆಗಳು, ಆ 0.000122 ಒಳಗೆ ಬೇರೆ ಜಾಗದಲ್ಲಿ ನಿಲ್ತದೆ, ಅಷ್ಟೆ. ಟಾಲ್‌ಗೆ 0.0000000001 ಕೊಡಿ, ಯಾವ ರೇಂಜಲ್ಲಿ ಹೊರಟ್ರೂ 0.013537 ಬರ್ತದೆ. ಔಟ್‌ಪುಟ್‌ನಲ್ಲಿ ರೂಟ್ ಒಂದನ್ನೇ ನೋಡಿ ಬಿಡಬೇಡಿ, ಕೆಳಗೆ ಎಫ್ ಡಾಟ್ ರೂಟ್ ಅಂತ ಉಂಟು, ಆ ಜಾಗದಲ್ಲಿ ಫಂಕ್ಷನ್ ಎಷ್ಟು ಅಂತ ಅದು ಹೇಳ್ತದೆ. ನಿಮ್ಮ ಲೆಕ್ಕದಲ್ಲಿ ಅದು ರೂಪಾಯಿ. ಎಷ್ಟು ರೂಪಾಯಿ ತಪ್ಪಿದೆ ಅಂತ ಕಣ್ಣಿಗೆ ಕಾಣ್ತದೆ.

ಇಷ್ಟು ಬಿಗಿ ಟಾಲರೆನ್ಸ್ ಕೊಟ್ರೆ ನಿಧಾನ ಆಗ್ತದಾ ಅಂತ ಮಕ್ಕಳು ಕೇಳ್ತಾರೆ. ಇಲ್ಲ. ಬರೀ ಅರ್ಧ ಅರ್ಧ ಮಾಡ್ತಾ ಹೋದ್ರೂ 0.1 ಉದ್ದದ ರೇಂಜಿಂದ ಅಲ್ಲಿಗೆ ತಲುಪ್ಲಿಕ್ಕೆ 30 ಹೆಜ್ಜೆ ಸಾಕು. ಯೂನಿರೂಟ್ ಒಳಗಿರುವುದು ರಿಚರ್ಡ್ ಬ್ರೆಂಟ್ 1973ರಲ್ಲಿ ಪ್ರಕಟಿಸಿದ ವಿಧಾನ, ಅದು ಸಾಧ್ಯ ಆದ ಕಡೆ ಗೆರೆ ಅಥವಾ ವಕ್ರರೇಖೆ ಹಾಕಿ ಉದ್ದ ಜಿಗೀತದೆ, ಜಿಗಿತ ಕೆಟ್ಟದಾಗಿ ಕಂಡ್ರೆ ಸುಮ್ಮನೆ ಅರ್ಧ ಮಾಡ್ತದೆ. ನ್ಯೂಟನ್ ವಿಧಾನದ ಹಾಗೆ ಡೆರಿವೇಟಿವ್ ಬೇಡ, ಹಾದಿ ತಪ್ಪಿ ಎಲ್ಲೋ ಹೋಗುವ ಭಯವೂ ಇಲ್ಲ. ಎರಡು ಬಿಂದು ಹಿಡಿದು ನಡುವೆ ಗೆರೆ ಎಳೆದು ಮುಂದಿನ ಊಹೆ ಮಾಡುವ ಉಪಾಯವನ್ನು 15ನೇ ಶತಮಾನದಲ್ಲಿ ಕೇರಳದ ಪರಮೇಶ್ವರ ಬಳಸಿದ್ದ. ನಮ್ಮದೇ ಕರಾವಳಿಯಲ್ಲಿ ಸ್ವಲ್ಪ ದಕ್ಷಿಣಕ್ಕೆ ಕೂತು ಮಾಡಿದ ಲೆಕ್ಕ ಅದು, ಪಾಠ ಮಾಡುವಾಗ ನಾನು ಇದನ್ನು ಬಿಡುದೇ ಇಲ್ಲ.

ಮಲ್ಪೆ_ತೆರೆ | ಉಡುಪಿ

ಸರ್ ತುಂಬಾ ತುಂಬಾ ಥ್ಯಾಂಕ್ಸ್. ಗ್ರಾಫ್ ಎಳೆದೆ, ಆ ಹೊಂಡ ಸರಿಯಾಗಿ ಕಂಡಿತು. ಟಾಲ್ ಕೊಟ್ಟ ಮೇಲೆ ಮೂರು ರೇಂಜಲ್ಲಿಯೂ ಒಂದೇ ಉತ್ತರ. ಇನ್ನೊಂದು ವಿಷಯ ಉಂಟು. ಅಣ್ಣ ನಿನ್ನೆ ರಾತ್ರಿ ಹೇಳಿದ, ಫೈನಾನ್ಸಿನವರು ಇನ್ನೊಂದು ಸ್ಕೀಮ್ ಕೂಡ ಕೊಡ್ತಾರಂತೆ. ಜೂನ್ 1ರಿಂದ ಜುಲೈ 31ರ ತನಕ 61 ದಿವಸ ಮೀನುಗಾರಿಕೆ ನಿಷೇಧ ಅಲ್ವಾ, ಬೋಟ್ ಎಲ್ಲ ಬಂದರಲ್ಲೇ ಕಟ್ಟಿರ್ತದೆ, ದುಡಿಮೆ ಇಲ್ಲ. ಆ ಎರಡು ತಿಂಗಳು ಕಂತು ಬೇಡ, ಅದೇ 6,35,000ವನ್ನು 30 ಕಂತಲ್ಲಿ ಕಟ್ಟಿ, ಕಂತಿಗೆ 21,166.67. ಸಾಲ ಆಗಸ್ಟ್ ಒಂದಕ್ಕೆ ಸಿಗ್ತದೆ, ಮೊದಲ ಕಂತು ಆಗಸ್ಟ್ ಕೊನೆಗೆ. ಅಣ್ಣನಿಗೆ ಇದು ತುಂಬಾ ಇಷ್ಟ ಆಗಿದೆ. ಆದ್ರೆ ನನ್ನ ಸೂತ್ರ ಪ್ರತಿ ತಿಂಗಳು ಕಟ್ಟುವವರಿಗೆ ಮಾತ್ರ, ಇದಕ್ಕೆ ಹೇಗೆ ಬರೀಬೇಕು?

ಮಣಿಪಾಲ_ರಾತ್ರಿಪಾಳಿ | ಮಣಿಪಾಲ

ಸೂತ್ರ ಬಿಟ್ಟುಬಿಡಿ, ಪಟ್ಟಿ ಮಾಡಿ. ನಾನು ಇದೇ ತರದ ಲೆಕ್ಕ ಆಫೀಸಲ್ಲಿ ದಿನಾ ಮಾಡುವವ. ಎರಡು ವೆಕ್ಟರ್ ಸಾಕು. ಒಂದರಲ್ಲಿ ಯಾವ ಯಾವ ತಿಂಗಳು ಕಂತು ಅಂತ, ಅಂದ್ರೆ 1ರಿಂದ 10, 13ರಿಂದ 22, 25ರಿಂದ 34. ಇನ್ನೊಂದರಲ್ಲಿ ಹಣ, 30 ಸಲ 21,166.67. ಫಂಕ್ಷನ್ ಒಳಗೆ ಪ್ರತಿ ಕಂತನ್ನೂ (1+ಬ)ಯ ಆ ತಿಂಗಳ ಘಾತದಿಂದ ಭಾಗಿಸಿ, ಎಲ್ಲ ಸೇರಿಸಿ, 5 ಲಕ್ಷದಿಂದ ಕಳೀರಿ. ಅಷ್ಟೆ, ಇದನ್ನೇ ಯೂನಿರೂಟ್‌ಗೆ ಕೊಡಿ. ಇದರಲ್ಲಿ ಬ ಇಂದ ಭಾಗಾಕಾರವೇ ಇಲ್ಲದ ಕಾರಣ 0ಯಿಂದ ಹೊರಟ್ರೂ ಎನ್‌ಎ ಬರುದಿಲ್ಲ. ಒಂದು ಎಚ್ಚರಿಕೆ, ಯೂನಿರೂಟ್ ಒಂದು ಸಲಕ್ಕೆ ಒಂದು ಬ ಕೊಡ್ತದೆ, ಕರ್ವ್ ಮಾತ್ರ ಒಟ್ಟಿಗೆ ನೂರು ಬ ಕೊಡ್ತದೆ, ಆಗ ಈ ಸಮ್ ಹಾಕಿದ ಫಂಕ್ಷನ್ ಎಡವಟ್ಟು ಮಾಡ್ತದೆ. ಗ್ರಾಫ್ ಬೇಕಾದ್ರೆ ವೆಕ್ಟರೈಸ್ ಅನ್ನುವ ಫಂಕ್ಷನಲ್ಲಿ ಸುತ್ತಿ ಕೊಡಿ.

ನಾನು ಹಾಕಿ ನೋಡಿದೆ. ತಿಂಗಳಿಗೆ 0.01436 ಚಿಲ್ಲರೆ, ವರ್ಷಕ್ಕೆ 17.2ರ ಮೇಲೆ. ಅಂದ್ರೆ ಎರಡು ತಿಂಗಳು ರಜೆ ಇರುವ ಸ್ಕೀಮ್ ಮೊದಲಿನದಕ್ಕಿಂತ 1 ಪರ್ಸೆಂಟ್ ದುಬಾರಿ! ನಂಗೂ ಮೊದಲು ಕೋಡ್ ತಪ್ಪಾಗಿದೆ ಅಂತಲೇ ಅನ್ನಿಸಿತು, ಮತ್ತೆ ಕೂತು ಲೆಕ್ಕ ಹಾಕಿದೆ. ಮೊದಲಿನ ಸ್ಕೀಮಲ್ಲಿ ನಿಮ್ಮ ಹಣ ಸರಾಸರಿ 18.5 ತಿಂಗಳಿಗೆ ವಾಪಸ್ ಹೋಗ್ತದೆ. ಇದರಲ್ಲಿ ಕೊನೇ ಕಂತು 34ನೇ ತಿಂಗಳಿಗೇ ಮುಗೀತದೆ, ಕಂತೂ ದೊಡ್ಡದು, ಸರಾಸರಿ 17.5 ತಿಂಗಳು. ಬಡ್ಡಿ ಅದೇ 1,35,000, ಆದ್ರೆ ಹಣ ನಿಮ್ಮ ಕೈಯಲ್ಲಿ ಇದ್ದದ್ದು ಒಂದು ತಿಂಗಳು ಕಡಿಮೆ. ಅದೇ ಸಾಲ ಜೂನ್ ಒಂದಕ್ಕೆ ಸಿಕ್ಕಿ ಮೊದಲ ಎರಡು ತಿಂಗಳು ಕಂತಿಲ್ಲ ಅಂತಾದ್ರೆ ಸರಾಸರಿ 19.5 ಆಗಿ ದರ ಮೊದಲನೇ ಸ್ಕೀಮಿಗಿಂತ ಕೆಳಗೆ ಬರ್ತದೆ. ಸ್ಕೀಮ್ ಅದೇ, ಶುರು ಮಾಡುವ ತಿಂಗಳು ಮಾತ್ರ ಬೇರೆ. ಅಣ್ಣನಿಗೆ ಮಳೆಗಾಲದಲ್ಲಿ ಕೈಯಲ್ಲಿ ಹಣ ಇಲ್ಲದ ಕಷ್ಟ ನಿಜವೇ, ಅದಕ್ಕೆ 1 ಪರ್ಸೆಂಟ್ ಕೊಡುದು ಬೇಕಾ ಬೇಡ್ವಾ ಅದು ಅವರ ತೀರ್ಮಾನ, ಆದ್ರೆ ಗೊತ್ತಿದ್ದು ಕೊಡ್ಬೇಕು.

ಮತ್ತೆ 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಬ್ಯಾಂಕು, ಫೈನಾನ್ಸ್ ಕಂಪೆನಿಗಳು ರಿಟೇಲ್ ಮತ್ತು ಸಣ್ಣ ಉದ್ಯಮದ ಸಾಲಕ್ಕೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡ್ಬೇಕು, ಅದರಲ್ಲಿ ಎಲ್ಲ ಖರ್ಚು ಸೇರಿದ ವಾರ್ಷಿಕ ದರ ಬರೆದಿರ್ಬೇಕು. ಸೈನ್ ಮಾಡುವ ಮೊದಲು ಅದನ್ನು ಕೇಳಿ ತಗೊಳ್ಳಿ, ನಿಮ್ಮ 16.24ರ ಜೊತೆ ಹೋಲಿಸಿ. ಪ್ರೊಸೆಸಿಂಗ್ ಫೀ, ಇನ್ಶೂರೆನ್ಸ್ ಅಂತ ಹಿಡಿದುಕೊಂಡ್ರೆ ಕೈಗೆ ಬರುವುದು 5 ಲಕ್ಷಕ್ಕಿಂತ ಕಡಿಮೆ, ಆಗ ದರ ಇನ್ನೂ ಮೇಲೆ ಹೋಗ್ತದೆ.

ಕಾಪು_ದೀಪಸ್ತಂಭ | ಕಾಪು

ಇದನ್ನು ಓದಿ ನಾನು ಅಮ್ಮನ ಚೀಟಿಗೆ ಇದೇ ಪಟ್ಟಿಯ ಫಂಕ್ಷನ್ ಹಾಕಿದೆ, ಅಮ್ಮ ಸ್ವಲ್ಪ ತಿಂಗಳು ಕಟ್ಟಿ, ನಡುವೆ ಚೀಟಿ ಎತ್ತಿ, ಮತ್ತೆ ಕೊನೆ ತನಕ ಕಟ್ಟಿದ್ದಾರೆ. ವಿರುದ್ಧ ಚಿಹ್ನೆ ಇಲ್ಲ ಅಂತಲೇ ಬರ್ತಾ ಉಂಟು, ಎಷ್ಟು ದೊಡ್ಡ ರೇಂಜ್ ಕೊಟ್ರೂ ಅದೇ. ಎಕ್ಸ್‌ಟೆಂಡ್‌ಇಂಟ್‌ಗೆ ಯೆಸ್ ಕೊಟ್ಟು ರೇಂಜ್ ತಾನೇ ದೊಡ್ಡದು ಮಾಡ್ಕೊಳ್ಲಿ ಅಂತ ಬಿಟ್ಟೆ, ಆದ್ರೂ ನಂಬುವಂಥ ಉತ್ತರ ಬರ್ಲಿಲ್ಲ. ಸಾಲಕ್ಕೆ ಬರುವುದು ಚೀಟಿಗೆ ಯಾಕೆ ಬರುದಿಲ್ಲ ಸರ್?

ಕದ್ರಿ_ಮೇಷ್ಟ್ರು | ಮಂಗಳೂರು

ಮೇಡಂ, ನಾನು ಮೇಲೆ ಹೇಳಿದ ಹೊಂಡ ಇದೇ. ಸಾಲದಲ್ಲಿ ಹಣ ಒಮ್ಮೆ ಬರ್ತದೆ, ಮತ್ತೆ ಹೋಗ್ತಾನೇ ಇರ್ತದೆ, ಚಿಹ್ನೆ ಬದಲಾಗುದು ಒಂದೇ ಸಲ. ಚೀಟಿಯಲ್ಲಿ ಮೊದಲು ಹೋಗ್ತದೆ, ನಡುವೆ ಬರ್ತದೆ, ಮತ್ತೆ ಹೋಗ್ತದೆ, ಎರಡು ಸಲ ಬದಲಾಯ್ತು. ಡೆಕಾರ್ಟ್ 1637ರಲ್ಲಿ ಹೇಳಿದ ನಿಯಮದ ಪ್ರಕಾರ ಧನ ಮೂಲಗಳ ಸಂಖ್ಯೆ ಚಿಹ್ನೆ ಬದಲಾದಷ್ಟು, ಇಲ್ಲಾ ಅದಕ್ಕಿಂತ ಸಮಸಂಖ್ಯೆಯಷ್ಟು ಕಡಿಮೆ. ಅಂದ್ರೆ ನಿಮಗೆ ಎರಡು ಉತ್ತರ ಇರ್ಬಹುದು, ಅಥವಾ ಒಂದೂ ಇಲ್ಲದೆ ಇರ್ಬಹುದು. ಮಲ್ಪೆಯವರ ಸಾಲಕ್ಕೆ ಒಂದೇ ಒಂದು ಅಂತ ನಾನು ಧೈರ್ಯದಲ್ಲಿ ಹೇಳಿದ್ದು ಇದೇ ಕಾರಣಕ್ಕೆ.

ಚಿಕ್ಕ ಲೆಕ್ಕದಲ್ಲಿ ನೋಡಿ. ಇವತ್ತು 1,000 ಕಟ್ಟಿದ್ರಿ, ಒಂದು ವರ್ಷ ಆದ ಮೇಲೆ 2,300 ಬಂತು, ಎರಡನೇ ವರ್ಷ 1,320 ಕಟ್ಟಿದ್ರಿ. ದರ ಸೊನ್ನೆ ಅಂತ ಹಿಡಿದ್ರೆ ಒಟ್ಟು ಮೈನಸ್ 20. ದರ 50 ಪರ್ಸೆಂಟ್ ಹಿಡಿದ್ರೆ ಮೈನಸ್ 53.33. ಎರಡು ತುದಿಯೂ ಮೈನಸ್, ಯೂನಿರೂಟ್ ಎರರ್ ಕೊಡ್ತದೆ. ಆದ್ರೆ ನಡುವೆ 15 ಪರ್ಸೆಂಟಲ್ಲಿ ನೋಡಿದ್ರೆ ಪ್ಲಸ್ 1.89! 10ರಲ್ಲಿ ಒಮ್ಮೆ, 20ರಲ್ಲಿ ಒಮ್ಮೆ ಗೆರೆ ದಾಟಿದೆ. ಎರಡೂ ಸರಿಯಾದ ಉತ್ತರವೇ. ಇಂಥದ್ದಕ್ಕೆ ಆರ್‌ನಲ್ಲಿ ಪಾಲಿರೂಟ್ ಉಂಟು, ಬಹುಪದಿಯ ಎಲ್ಲ ಮೂಲಗಳನ್ನೂ ಒಟ್ಟಿಗೆ ಕೊಡ್ತದೆ. ಸಹಗುಣಕಗಳನ್ನು ಸಣ್ಣ ಘಾತದಿಂದ ದೊಡ್ಡ ಘಾತಕ್ಕೆ ಕೊಡ್ಬೇಕು, ಇಲ್ಲಿ ಎಲ್ಲವನ್ನೂ −1,000ದಿಂದ ಭಾಗಿಸಿ 1.32, −2.3, 1. ಉತ್ತರ (1+ದರ)ದ ರೂಪದಲ್ಲಿ 1.1 ಮತ್ತು 1.2, ಪಕ್ಕದಲ್ಲಿ ಕಾಲ್ಪನಿಕ ಭಾಗ ಸೊನ್ನೆ ಅಂತ ತೋರಿಸ್ತದೆ. ನಿಮ್ಮ ಚೀಟಿಯ ಪಟ್ಟಿಗೂ ಹಾಕಿ ನೋಡಿ, ಎಲ್ಲ ಮೂಲಗಳಿಗೂ ಕಾಲ್ಪನಿಕ ಭಾಗ ಇದ್ರೆ ಅಥವಾ ಋಣ ಸಂಖ್ಯೆಗಳೇ ಬಂದ್ರೆ ಆ ಚೀಟಿಗೆ ಬಡ್ಡಿದರ ಅನ್ನುವ ಸಂಖ್ಯೆಯೇ ಇಲ್ಲ. ರೂಟ್‌ಸಾಲ್ವ್ ಪ್ಯಾಕೇಜಿನ ಯೂನಿರೂಟ್ ಡಾಟ್ ಆಲ್ ಕೂಡ ಉಂಟು, ಅದು ರೇಂಜನ್ನು ನೂರು ತುಂಡು ಮಾಡಿ ತುಂಡು ತುಂಡಲ್ಲಿ ಚಿಹ್ನೆ ನೋಡ್ತದೆ. ಆದ್ರೆ ಗೆರೆಯನ್ನು ಮುಟ್ಟಿ ವಾಪಸ್ ಹೋಗುವ ಮೂಲ ಅದರ ಕೈಯಿಂದಲೂ ತಪ್ಪಿಹೋಗ್ತದೆ.

ಅಮ್ಮನ ಚೀಟಿಗೆ ನಾನಾದ್ರೆ ದರವನ್ನೇ ಹುಡುಕುದಿಲ್ಲ. ಅವರು ಆ ಹಣವನ್ನು ಬ್ಯಾಂಕಲ್ಲಿ ಆರ್‌ಡಿ ಇಟ್ಟಿದ್ರೆ ಯಾವ ಬಡ್ಡಿ ಸಿಗ್ತಿತ್ತೋ ಆ ದರ ಹಾಕಿ ಫಂಕ್ಷನ್ ಪ್ಲಸ್ ಬರ್ತದಾ ಮೈನಸ್ ಬರ್ತದಾ ನೋಡ್ತೇನೆ. ಪ್ಲಸ್ ಬಂದ್ರೆ ಚೀಟಿ ಲಾಭ, ಎಷ್ಟು ರೂಪಾಯಿ ಲಾಭ ಅಂತಲೂ ಗೊತ್ತಾಗ್ತದೆ. ಚೀಟಿ ನಡೆಸುವ ಫೋರ್‌ಮನ್ ಕಮಿಷನ್ 2019ರ ತಿದ್ದುಪಡಿ ಆದ ಮೇಲೆ 7 ಪರ್ಸೆಂಟ್ ತನಕ ಇರ್ಬಹುದು, ಅಮ್ಮನ ಕೈಗೆ ನಿಜವಾಗಿ ಎಷ್ಟು ಬಂತೋ ಅದನ್ನೇ ಪಟ್ಟಿಯಲ್ಲಿ ಹಾಕಿ.

ಮಲ್ಪೆ_ತೆರೆ | ಉಡುಪಿ

ಎಲ್ಲರಿಗೂ ಹೇಳ್ಬೇಕು ಅಂತ ಬರೀತಿದ್ದೇನೆ. ಇವತ್ತು ಸಂಜೆ ಅಣ್ಣನ ಜೊತೆ ಕೂತೆ. 16.24 ಅಂತ ಹೇಳಿದ್ರೆ ಅವನಿಗೆ ಅಷ್ಟು ತಲೆಗೆ ಹೋಗ್ಲಿಲ್ಲ, ಹಾಗಾಗಿ ಬ್ಯಾಂಕಿನ 11 ಪರ್ಸೆಂಟ್ ರೆಡ್ಯೂಸಿಂಗಲ್ಲಿ ಅದೇ 5 ಲಕ್ಷಕ್ಕೆ 36 ಕಂತು ಎಷ್ಟು ಅಂತ ತೋರಿಸಿದೆ, 16,369. ಫೈನಾನ್ಸಿನದ್ದು 17,639. ತಿಂಗಳಿಗೆ 1,270, ಮೂರು ವರ್ಷಕ್ಕೆ 45,700ರ ಮೇಲೆ ಹೆಚ್ಚು. ಅಣ್ಣ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ, ಮತ್ತೆ "ಅದರಲ್ಲಿ ಬಲೆಯೇ ಬರ್ತದೆ" ಅಂದ. ನಾಡಿದ್ದು ಬ್ಯಾಂಕಿಗೆ ಬೋಟಿನ ಕಾಗದ ತಗೊಂಡು ಹೋಗ್ತಾನೆ, ಮಳೆಗಾಲದ ಎರಡು ಕಂತಿಗೆ ಸೀಸನಲ್ಲೇ ಸ್ವಲ್ಪ ಸ್ವಲ್ಪ ಬೇರೆ ತೆಗೆದಿಡ್ತೇನೆ ಅಂತ ಅತ್ತಿಗೆ ಹೇಳಿದ್ದಾರೆ.